ಯಾರ ಉತ್ತರ ಬೇಕು ನಮಗೆ?

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಎಲ್ಲರ ಕಣ್ಣು ಹೋಗಿದ್ದು ಒಂದೇ ಸಂಖ್ಯೆಯ ಮೇಲೆ. ಹಿಂದಿನ ವರ್ಷ ಶೇಕಡ 83.89 ಇದ್ದ ಪಾಸಿನ ಪ್ರಮಾಣ 73.40ಕ್ಕೆ ಇಳಿದಿತ್ತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ಸೇರಿ ದಡ್ಡರಾಗಿಬಿಟ್ರಾ? ಇಲ್ಲ. ಆ ವರ್ಷ ಮೊದಲ ಸಲ ಪರೀಕ್ಷಾ ಕೇಂದ್ರಗಳಲ್ಲಿ ಸಿಸಿಟಿವಿ ಕೂರಿಸಿ ವೆಬ್‌ಕಾಸ್ಟಿಂಗ್ ಮಾಡಿದ್ದರು. ಇಳಿಕೆಗೆ ಅಧಿಕಾರಿಗಳೇ ಕೊಟ್ಟ ಮುಖ್ಯ ಕಾರಣ ಅದು. ಆ 73.40 ಕೂಡ ತಾನಾಗೇ ನಿಂತಿದ್ದಲ್ಲ. ಗ್ರೇಸ್ ಮಾರ್ಕ್ಸನ್ನು ಶೇಕಡ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯೋಕೆ ಬೇಕಾದ ಒಟ್ಟು ಅಂಕವನ್ನು ಶೇಕಡ 35ರಿಂದ 25ಕ್ಕೆ ಇಳಿಸಿ, ಅಲ್ಲಿಗೆ ಎತ್ತಿ ನಿಲ್ಲಿಸಿದ್ದು.

ಆಮೇಲೆ ಚರ್ಚೆ ನಡೆದಿದ್ದೆಲ್ಲ ಕ್ಯಾಮೆರಾ ಬೇಕಾ, ಗ್ರೇಸ್ ಸರೀನಾ ಅನ್ನೋದರ ಬಗ್ಗೆ. ನನ್ನನ್ನು ಕಾಡಿದ್ದು ಬೇರೆ ವಿಷಯ. ಪರೀಕ್ಷಾ ಹಾಲಿನಲ್ಲಿ ಅಷ್ಟು ದೊಡ್ಡ ಪ್ರಮಾಣದ ಕಾಪಿ ಬರೀ ಮಕ್ಕಳಿಂದ ಆಗೋ ಕೆಲಸ ಅಲ್ಲ. ಯಾರೋ ದೊಡ್ಡವರು ಕಿಟಕಿಯಾಚೆ ನೋಡ್ತಾ ನಿಂತಿರಬೇಕು. ಇನ್ಯಾರೋ ಒಂದು ಅಂಕದ ಪ್ರಶ್ನೆಗಳಿಗೆ ಉತ್ತರ ಹೇಳಿರಬೇಕು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಮಗು ಇದಕ್ಕೆ ಒಗ್ಗಿಕೊಂಡಿದ್ದು ಹತ್ತನೇ ಕ್ಲಾಸಿನ ಪರೀಕ್ಷೆಯ ಬೆಳಗ್ಗೆ ಅಂತೂ ಅಲ್ಲ. ಅಭ್ಯಾಸ ಶುರುವಾಗೋದು ಆರು, ಏಳು, ಎಂಟನೇ ಕ್ಲಾಸಿನಲ್ಲಿ. ಫೇಲ್ ಆಗೋ ಭಯ ಇನ್ನೂ ನಿಜವಾಗಿ ಬಂದಿಲ್ಲದ, ಆದರೆ ಮಾರ್ಕ್ಸ್ ಅಂದ್ರೆ ಮನೆಯಲ್ಲಿ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತಿರುವ ವಯಸ್ಸಿನಲ್ಲಿ.

ನನ್ನ ಅಕ್ಕನ ಮಗಳು ಕೆ.ಆರ್. ಪುರದಲ್ಲಿ ಏಳನೇ ಕ್ಲಾಸು ಓದ್ತಾಳೆ. ಜಲಚಕ್ರದ ಬಗ್ಗೆ ಒಂದು ಪುಟ ಬರ್ಕೊಂಡು ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟಿದ್ದರು. ಅವಳು ಅಮ್ಮನ ಫೋನಿನಲ್ಲಿ ಚಾಟ್‌ಜಿಪಿಟಿಯನ್ನು ಕೇಳಿ ಬರೆದಿದ್ದಾಳೆ. ಹಾಗೇ ಬರೆದವರು ಕ್ಲಾಸಿನಲ್ಲಿ ಇನ್ನೂ ಮೂರು ಜನ. ನಾಲ್ಕು ನೋಟ್‌ಬುಕ್‌ನಲ್ಲೂ ಒಂದೇ ಥರದ ವಾಕ್ಯ, ಏಳನೇ ಕ್ಲಾಸಿನವರು ಯಾರೂ ಬಳಸದ ಒಂದೇ ಇಂಗ್ಲಿಷ್ ಪದ. ಮಿಸ್ ಬೈದರು. ಭಾನುವಾರ ನಾನು ಹೋದಾಗ ನ್ಯಾಯ ಕೇಳೋಕೆ ನನ್ನ ಹತ್ತಿರ ಬಂದಳು.

"ಮಾಮ, ನೀನೂ ಆಫೀಸಲ್ಲಿ ಅದನ್ನೇ ಕೇಳಿ ಕೋಡ್ ಬರೀತೀಯಲ್ಲ? ನಿಂಗೆ ಸಂಬಳ ಕೊಡ್ತಾರೆ. ನಾನು ಕೇಳಿದ್ರೆ ಯಾಕೆ ಬೈತಾರೆ?"

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಈ ಪ್ರಶ್ನೆ ಎದ್ದಿರುತ್ತೆ. ಇಂದಿರಾನಗರದಿಂದ ಕೆ.ಆರ್. ಪುರದಾಚೆವರೆಗೆ ಬೆಳಗ್ಗೆ ಮೆಟ್ರೋ ಹತ್ತುವವರಲ್ಲಿ ಎಷ್ಟು ಜನರ ಕೆಲಸ ಇದಲ್ಲ? ಯಾರೋ ಬರೆದ ಕೋಡ್ ತರ್ತೀವಿ, ಹಳೇ ಪ್ರೆಸೆಂಟೇಶನ್‌ನ ಸ್ಲೈಡ್ ಎತ್ತಿ ಹೊಸದಕ್ಕೆ ಅಂಟಿಸ್ತೀವಿ, ಎಐ ಹತ್ತಿರ ಮೇಲ್ ಬರೆಸ್ತೀವಿ. ಅದಕ್ಕೆ ನಾವಿಟ್ಟ ಹೆಸರು 'ರೀಯೂಸ್'. ಮಕ್ಕಳು ಮಾಡಿದರೆ 'ಕಾಪಿ'. ಈ ವ್ಯತ್ಯಾಸ ನಿಜವಾಗಿಯೂ ಇದೆಯಾ, ಅಥವಾ ದೊಡ್ಡವರು ನಮ್ಮ ಅನುಕೂಲಕ್ಕೆ ಮಾಡ್ಕೊಂಡಿದ್ದಾ?

ಇದೆ ಅಂತಲೇ ನನ್ನ ಉತ್ತರ. ಆಫೀಸಿನಲ್ಲಿ ಉತ್ತರ ಬೇಕು. ಗ್ರಾಹಕನಿಗೆ ಆ ಆ್ಯಪ್ ಓಡಬೇಕು, ಅದನ್ನು ನಾನೇ ಹುಟ್ಟಿಸಿದೆನಾ ಅನ್ನೋದು ಅವನಿಗೆ ಬೇಕಿಲ್ಲ. ಏಳನೇ ಕ್ಲಾಸಿನ ಜಲಚಕ್ರದ ಉತ್ತರ ಮಾತ್ರ ಈ ಭೂಮಿ ಮೇಲೆ ಯಾರಿಗೂ ಬೇಕಿಲ್ಲ. ಮಿಸ್‌ಗೆ ಅದು ಆಗಲೇ ಗೊತ್ತು, ಪುಸ್ತಕದಲ್ಲೂ ಇದೆ. ಮಿಸ್‌ಗೆ ಗೊತ್ತಿಲ್ಲದೇ ಇರೋದು ಒಂದೇ, ಈ ಹುಡುಗಿಯ ತಲೆಯಲ್ಲಿ ಅದು ಎಷ್ಟು ಇಳಿದಿದೆ ಅನ್ನೋದು. ಹೋಮ್‌ವರ್ಕು, ಟೆಸ್ಟು, ಪರೀಕ್ಷೆ ಎಲ್ಲ ಇರೋದು ಅದನ್ನು ತಿಳ್ಕೊಳ್ಳೋಕೆ. ಪಕ್ಕದವನ ರಕ್ತ ಕೊಟ್ಟು ನಮ್ಮ ಹೆಸರಿನಲ್ಲಿ ಶುಗರ್ ರಿಪೋರ್ಟ್ ತಂದರೆ ನಾರ್ಮಲ್ ಅಂತ ಬರಬಹುದು. ಕಾಯಿಲೆ ಮಾತ್ರ ನಮ್ಮ ಮೈಯಲ್ಲೇ ಇರುತ್ತೆ, ಡಾಕ್ಟರ್ ಮಾತ್ರೆ ಬರೆಯಲ್ಲ. ಶಾಲೆಯಲ್ಲಿ ಕಾಪಿ ತಪ್ಪು ಅನ್ನೋದಕ್ಕೆ ನನಗೆ ತಿಳಿದ ಅತ್ಯಂತ ಸರಳ ಕಾರಣ ಇದು. ಸಹಾಯ ಮಾಡಬೇಕಾದವರಿಗೆ ನಾವೇ ಸುಳ್ಳು ವಿಳಾಸ ಕೊಟ್ಟಂತೆ.

ಇದನ್ನೆಲ್ಲ ಅವಳಿಗೆ ಅರ್ಥ ಆಗೋ ಹಾಗೆ ಹೇಳಿದೆ. ಕೇಳಿಸ್ಕೊಂಡಳು. ಆಮೇಲೆ ಹೇಳಿದಳು: "ಹಾಗಾದ್ರೆ ನಂಗೆ ಗೊತ್ತಿಲ್ಲ ಅಂತ ಬರೆದ್ರೆ ಹೇಳ್ಕೊಡ್ಬೇಕು ತಾನೆ? ಮಾರ್ಕ್ಸ್ ಯಾಕೆ ಕಟ್ ಮಾಡ್ತಾರೆ?"

ಇದಕ್ಕೆ ನನ್ನ ಹತ್ತಿರ ಆ ಕ್ಷಣಕ್ಕೆ ಉತ್ತರ ಇರಲಿಲ್ಲ. ಈ ಬರಹದ ಉಳಿದ ಭಾಗ ಆ ಎರಡನೇ ಪ್ರಶ್ನೆ ಬಗ್ಗೆ.

ರಕ್ತಪರೀಕ್ಷೆಯ ಹೋಲಿಕೆ ನಿಲ್ಲೋದು ರಿಪೋರ್ಟ್ ನೋಡಿ ಚಿಕಿತ್ಸೆ ಕೊಡ್ತಾರೆ ಅನ್ನೋ ನಂಬಿಕೆ ಇದ್ದಾಗ ಮಾತ್ರ. ರಿಪೋರ್ಟ್ ಕೆಟ್ಟದಾಗಿ ಬಂದವರನ್ನು ಎದ್ದು ನಿಲ್ಲಿಸಿ ಎಲ್ಲರೆದುರು ಓದ್ತೀವಿ, ಒಳ್ಳೇದು ಬಂದವರಿಗೆ ಬಹುಮಾನ ಕೊಡ್ತೀವಿ ಅಂತ ಆಸ್ಪತ್ರೆಯವರು ಶುರು ಮಾಡಿದರೆ ಏನಾಗುತ್ತೆ? ಎಲ್ಲರೂ ಆರೋಗ್ಯವಂತ ಪಕ್ಕದವನನ್ನು ಹುಡುಕ್ತಾರೆ. ಶಾಲೆಯಲ್ಲಿ ನಾವು ಮಾಡಿರೋದು ಹೆಚ್ಚುಕಮ್ಮಿ ಅದನ್ನೇ.

ನಮ್ಮ ರಾಜ್ಯದಲ್ಲೇ ನಡೆದದ್ದು ನೋಡಿ. 2023ರ ಮಾರ್ಚ್‌ನಲ್ಲಿ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಮಾಡಬೇಕು ಅಂತ ಸರ್ಕಾರ ಹೊರಟಿತು. ಯಾರನ್ನೂ ಫೇಲ್ ಮಾಡಲ್ಲ, ಮಕ್ಕಳು ಎಷ್ಟು ಕಲಿತಿದ್ದಾರೆ ಅಂತ ನೋಡೋಕಷ್ಟೇ ಅಂದರು. ಅಂದರೆ ನಿಜವಾದ ರಕ್ತಪರೀಕ್ಷೆ. ಆದರೆ ಜನರ ಬಾಯಲ್ಲಿ ಅದು ಮೊದಲ ದಿನದಿಂದಲೇ 'ಪಬ್ಲಿಕ್ ಎಕ್ಸಾಂ' ಆಯ್ತು. ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ನಡೆಸಲು ಬಿಟ್ಟಿತು. ಮರುವರ್ಷ 9ನೇ ತರಗತಿಯೂ ಸೇರಿಕೊಂಡು ಅದೇ ಹಗ್ಗಜಗ್ಗಾಟ ಇನ್ನೊಮ್ಮೆ ನಡೆಯಿತು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಆ ಆದೇಶಗಳು ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ. ಬರೀ ನೋಡೋಕಷ್ಟೇ ಅಂತ ದೊಡ್ಡವರು ಹೇಳಿದರೆ ನಂಬೋಕೆ ಮಕ್ಕಳಿರಲಿ, ಅಪ್ಪ ಅಮ್ಮನೂ ತಯಾರಿರಲಿಲ್ಲ ಅನ್ನೋದಷ್ಟೇ ನಾನು ಗಮನಿಸಿದ್ದು. ಅಷ್ಟರಮಟ್ಟಿಗೆ ಈ ನಂಬಿಕೆ ಹೋಗಿದೆ.

ಇನ್ನೊಂದು ವಿಷಯ ಇದೆ, ಅದು ಭಾಷೆಗೆ ಸಂಬಂಧಿಸಿದ್ದು. ವರ್ಷವಿಡೀ ಮಕ್ಕಳಿಂದ ನಾವು ಮಾಡಿಸೋದೇ ಕಾಪಿ. ಬೋರ್ಡ್ ಮೇಲಿರೋದನ್ನು ನೋಟ್ಸ್‌ಗೆ ಇಳಿಸ್ಕೊಳ್ಳಿ, ದಿನಕ್ಕೊಂದು ಪುಟ ಕಾಪಿ ಬರೀರಿ, ಪ್ರಶ್ನೋತ್ತರ ಉರು ಹೊಡೀರಿ. 'ಸ್ವಂತ ವಾಕ್ಯದಲ್ಲಿ ಬಳಸಿ' ಅನ್ನೋ ಪ್ರಶ್ನೆಗೂ ಗೈಡಿನಲ್ಲಿ ಉತ್ತರ ಸಿಗುತ್ತೆ! ಗೈಡಿನ ಸಾಲನ್ನು ಅಕ್ಷರ ಬಿಡದೆ ತಲೆಯಲ್ಲಿ ತುಂಬ್ಕೊಂಡು ಬಂದು ಇಳಿಸಿದರೆ ರ‍್ಯಾಂಕು, ಅದೇ ಸಾಲನ್ನು ಜೇಬಿನಲ್ಲಿ ಇಟ್ಕೊಂಡು ಬಂದರೆ ಡಿಬಾರು. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ, ಎರಡನೆಯದರಲ್ಲಿ ಮೋಸ ಇದೆ. ಆದರೆ ಎರಡರಲ್ಲೂ ಮಗುವಿನ ಸ್ವಂತದ್ದು ಅನ್ನೋದು ಏನೂ ಇಲ್ಲ, ಮತ್ತು ಮಕ್ಕಳಿಗೆ ಅದು ಗೊತ್ತು.

ನಮ್ಮ ಊರಿನ ಈ ಭಾಗದಲ್ಲಿ ಇದು ಇನ್ನೂ ಬಿಗಿ. ಶಿವಾಜಿನಗರದ ಓಣಿಯಿಂದ ಬರೋ ಮಗು ಮನೆಯಲ್ಲಿ ದಖನಿ ಮಾತಾಡುತ್ತೆ. ಹಲಸೂರಿನ ಮಗು ತಮಿಳು, ಕೆ.ಆರ್. ಪುರದ ಮಗು ಕನ್ನಡವೋ ತೆಲುಗೋ. ಪಾಠ ಮಾತ್ರ ಇಂಗ್ಲಿಷಿನಲ್ಲಿ. ಮಳೆ ಹೇಗೆ ಬರುತ್ತೆ ಅಂತ ಮನೆಭಾಷೆಯಲ್ಲಿ ಕೇಳಿ, ಕೈ ಆಡಿಸ್ಕೊಂಡು ಸಲೀಸಾಗಿ ಹೇಳ್ತಾರೆ. ಇಂಗ್ಲಿಷಿನಲ್ಲಿ ಬರೀ ಅಂದ್ರೆ ಒಂದು ವಾಕ್ಯ ನಿಲ್ಲಿಸೋಕೆ ಒದ್ದಾಡ್ತಾರೆ. ಒಂದೊಂದು ಸೆಕ್ಷನ್ನಿನ ರಾಶಿ ನೋಟ್‌ಬುಕ್ ತಿದ್ದಬೇಕಾದ ಮಿಸ್‌ಗೂ ಸ್ಪೆಲಿಂಗ್ ತಪ್ಪಿದ ಸ್ವಂತ ವಾಕ್ಯಕ್ಕಿಂತ ಅಚ್ಚುಕಟ್ಟಾದ ಗೈಡಿನ ವಾಕ್ಯವೇ ಸುಲಭ. ಹೀಗಿರುವಾಗ ಚಾಟ್‌ಜಿಪಿಟಿ ಆ ಮಗುವಿಗೆ ಮೋಸದ ಯಂತ್ರವಾಗಿ ಕಾಣಲ್ಲ, ಇಂಗ್ಲಿಷ್ ಚೆನ್ನಾಗಿ ಬರೋ ಗೆಳೆಯನಾಗಿ ಕಾಣುತ್ತೆ.

ಸೋಮವಾರ ಕೊಡಬೇಕಾದ ಪ್ರಾಜೆಕ್ಟಿನ ಕಥೆ ಎಲ್ಲರಿಗೂ ಗೊತ್ತಿರೋದೇ. ಭಾನುವಾರ ಸಂಜೆ ಸಿಎಂಎಚ್ ರೋಡಿನ ಆಸುಪಾಸಿನ ಯಾವುದೇ ಸ್ಟೇಷನರಿ ಅಂಗಡಿ ಮುಂದೆ ಐದು ನಿಮಿಷ ನಿಂತರೆ ಸಾಕು. ಥರ್ಮೋಕೋಲ್, ಚಾರ್ಟು, ಬಣ್ಣದ ಪ್ರಿಂಟೌಟು ತಗೊಳ್ತಿರೋರು ಅಪ್ಪ ಅಮ್ಮಂದಿರು. ಮಗು ಪಕ್ಕದಲ್ಲಿ ನಿಂತು ಫೋನ್ ನೋಡ್ತಿರುತ್ತೆ. ರಾತ್ರಿ ಹನ್ನೊಂದಕ್ಕೆ ಒಬ್ಬ ಸೀನಿಯರ್ ಆರ್ಕಿಟೆಕ್ಟು ಮತ್ತು ಒಬ್ಬ ಎಚ್.ಆರ್. ಮ್ಯಾನೇಜರು ಸೇರಿ ಆರನೇ ಕ್ಲಾಸಿನ ಸೌರವ್ಯೂಹ ಮಾಡ್ತಾರೆ. ಬೆಳಗ್ಗೆ ಅದರ ಮೇಲೆ ಮಗುವಿನ ಹೆಸರು, ರೋಲ್ ನಂಬರ್. ಶಾಲೆಯಲ್ಲಿ 'ಎಕ್ಸಲೆಂಟ್'. ಇದಕ್ಕೆ ಯಾರೂ ಕಾಪಿ ಅನ್ನಲ್ಲ, ಪ್ರೀತಿ ಅಂತಾರೆ. ಪ್ರೀತಿ ಇರೋದೂ ನಿಜವೇ. ಆದರೆ ಅಂದು ಮಗು ಗ್ರಹಗಳ ಬಗ್ಗೆ ಕಲಿಯೋದಕ್ಕಿಂತ ಹೆಚ್ಚಾಗಿ ಇನ್ನೊಂದನ್ನು ಕಲಿಯುತ್ತೆ: ಮಾಡಿದ್ದು ಯಾರು ಅನ್ನೋದು ಮುಖ್ಯ ಅಲ್ಲ, ಹೆಸರು ಯಾರದ್ದು ಅನ್ನೋದು ಮುಖ್ಯ.

ಗಾಂಧಿಯ ಆತ್ಮಕಥೆಯಲ್ಲಿ ಬರೋ ಕೆಟಲ್ ಪ್ರಸಂಗವನ್ನು ನಾವೆಲ್ಲ ಶಾಲೆಯಲ್ಲಿ ನೀತಿಕಥೆಯಾಗಿ ಕೇಳಿದವರೇ. ರಾಜಕೋಟೆಯ ಹೈಸ್ಕೂಲಿನಲ್ಲಿ ಮೊದಲ ವರ್ಷ. ಬ್ರಿಟಿಷ್ ಇನ್‌ಸ್ಪೆಕ್ಟರು ಬಂದು ಐದು ಇಂಗ್ಲಿಷ್ ಪದ ಬರೆಸ್ತಾರೆ. ಹುಡುಗ 'ಕೆಟಲ್' ತಪ್ಪು ಬರೀತಾನೆ. ಮೇಷ್ಟ್ರು ಬೂಟುಕಾಲಿನ ತುದಿಯಿಂದ ಸನ್ನೆ ಮಾಡ್ತಾರೆ, ಪಕ್ಕದವನ ಸ್ಲೇಟ್ ನೋಡ್ಕೋ ಅಂತ. ಹುಡುಗ ನೋಡಲ್ಲ. ನಮಗೆ ಹೇಳಿಕೊಟ್ಟ ನೀತಿ: ಬಾಲಕ ಮೋಹನದಾಸ ಆಸೆಗೆ ಬೀಳಲಿಲ್ಲ. ಆದರೆ ಪುಸ್ತಕದಲ್ಲಿ ಗಾಂಧಿ ಹೇಳೋದು ಹಾಗಲ್ಲ. ಆ ಸನ್ನೆ ತನಗೆ ಅರ್ಥವೇ ಆಗಲಿಲ್ಲ ಅಂತಾರೆ. ಮೇಷ್ಟ್ರು ಅಲ್ಲಿ ನಿಂತಿರೋದೇ ಹುಡುಗರು ಕಾಪಿ ಹೊಡೀದೇ ಇರಲಿ ಅಂತ ಅಂದುಕೊಂಡಿದ್ದ ಹುಡುಗನಿಗೆ, ಅದೇ ಮೇಷ್ಟ್ರು ಕಾಪಿ ಹೊಡಿ ಅಂತಿದ್ದಾರೆ ಅನ್ನೋದು ಹೊಳೆಯಲಿಲ್ಲ.

ಈ ವಿವರ ನನಗೆ ಇಡೀ ಕಥೆಗಿಂತ ದೊಡ್ಡದಾಗಿ ಕಾಣುತ್ತೆ. ಆಸೆ ಮತ್ತು ಆತ್ಮಸಾಕ್ಷಿಯ ಹೋರಾಟ ಅಂತ ಅಲ್ಲಿ ಏನೂ ನಡೆಯಲಿಲ್ಲ. ದೊಡ್ಡವರು ಹೇಳಿದ ಮಾತಿಗೆ ಅರ್ಥ ಇದೆ ಅಂತ ಆ ಹುಡುಗ ನಂಬಿದ್ದ. ಅವನ ಪ್ರಾಮಾಣಿಕತೆ ನಿಂತಿದ್ದು ಆ ನಂಬಿಕೆ ಮೇಲೆ. ಅಂದು ಕಾಪಿ ಬೇಕಾಗಿದ್ದು ಮೇಷ್ಟ್ರಿಗೆ. ಯಾಕೆಂದರೆ ಇನ್‌ಸ್ಪೆಕ್ಟರು ಅಳೀತಾ ಇದ್ದಿದ್ದು ಹುಡುಗರನ್ನಷ್ಟೇ ಅಲ್ಲ, ಮೇಷ್ಟ್ರನ್ನೂ. 2024ರ ಕ್ಯಾಮೆರಾಗಳು ತೋರಿಸಿದ್ದು ಇದರ ಮುಂದುವರಿದ ಭಾಗವನ್ನೇ. ಶಾಲೆಗೆ ರಿಸಲ್ಟ್ ಬೇಕು, ಜಿಲ್ಲೆಗೆ ಸ್ಥಾನ ಬೇಕು.

ಹಾಗಾದರೆ ತಪ್ಪೆಲ್ಲ ದೊಡ್ಡವರದ್ದೇ, ಮಕ್ಕಳದ್ದು ಏನೂ ಇಲ್ವಾ? ಅಷ್ಟು ಸುಲಭವಾಗಿ ಬಿಡೋಕೆ ನಾನೂ ತಯಾರಿಲ್ಲ. ಹನ್ನೆರಡು ವರ್ಷದವರಿಗೆ ನ್ಯಾಯ ಅನ್ಯಾಯ ಚೆನ್ನಾಗೇ ಗೊತ್ತಿರುತ್ತೆ. ಗಲ್ಲಿ ಕ್ರಿಕೆಟ್‌ನಲ್ಲಿ ಔಟ್ ಆದವನು ಔಟ್ ಇಲ್ಲ ಅಂದ್ರೆ ಎಷ್ಟು ಗಲಾಟೆ ಮಾಡ್ತಾರೆ ನೋಡಿ. ಕಾಪಿಯಲ್ಲೂ ಎರಡು ಬಗೆ ಇದೆ ಅಂತ ಅವರಿಗೆ ಹೇಳಬಹುದು. ಒಂದು ಬಗೆಯ ಕಾಪಿ ನಮ್ಮದನ್ನು ಮುಚ್ಚಿಡುತ್ತೆ, ಇನ್ನೊಂದು ಬೇರೆಯವರದ್ದನ್ನು ಕಿತ್ಕೊಳ್ಳುತ್ತೆ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟದವರಿಗೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಒಂದೊಂದು ರಾಜ್ಯಕ್ಕೆ ಇಷ್ಟು ಅಂತ ಲೆಕ್ಕ ಇದೆ. ಅಲ್ಲಿ ಕಾಪಿ ಹೊಡೆದು ಒಬ್ಬರು ಒಳಗೆ ಬಂದರೆ ಓದಿ ಬರೆದ ಇನ್ನೊಬ್ಬರು ಹೊರಗೆ ಹೋಗ್ತಾರೆ. ಆ ಇನ್ನೊಬ್ಬರ ಮನೆಗೆ ತಿಂಗಳಿಗೆ ಒಂದು ಸಾವಿರ ಅಂದ್ರೆ ಏನು ಅಂತ ಮಕ್ಕಳಿಗೆ ಹೇಳಿದರೆ ಅವರಿಗೆ ಅರ್ಥ ಆಗುತ್ತೆ. ಹೋಮ್‌ವರ್ಕ್ ಕಾಪಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಒಂದೇ ದನಿಯಲ್ಲಿ ಬೈದರೆ ಎರಡೂ ಹಗುರ ಆಗ್ತವೆ.

ಮಕ್ಕಳ ಕಡೆಯಿಂದ ನೋಡಿದರೆ ಇದಕ್ಕಿಂತ ಕಷ್ಟದ್ದು ಗೆಳೆತನದ ಪ್ರಶ್ನೆ. "ತೋರ್ಸೋ ಮಗಾ" ಅಂತ ಪಕ್ಕದವನು ಪಿಸುಗುಟ್ಟಿದಾಗ ತೋರಿಸದೇ ಇದ್ದವನು ಊಟದ ಬ್ರೇಕಿನಲ್ಲಿ ಒಂಟಿ. ಆ ವಯಸ್ಸಿನಲ್ಲಿ ಒಂಟಿಯಾಗೋದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ತೋರಿಸೋ ಮಗುವಿನಲ್ಲಿ ಕೆಟ್ಟ ಬುದ್ಧಿ ಇಲ್ಲ, ಔದಾರ್ಯವೇ ಇದೆ. ಅದನ್ನು ಹೊಸಕಿ ಹಾಕಿ "ನಿನ್ನ ಉತ್ತರ ಮುಚ್ಕೊಂಡು ಬರಿ, ಅವನು ನಿನ್ನ ಕಾಂಪಿಟಿಷನ್ನು" ಅಂತ ಹೇಳೋ ಅಪ್ಪ ಅಮ್ಮನೂ ಇದ್ದಾರೆ. ಆ ಥರದ ಪ್ರಾಮಾಣಿಕತೆ ನನಗೆ ಇಷ್ಟ ಇಲ್ಲ. ಪರೀಕ್ಷೆಯ ಹಿಂದಿನ ಸಂಜೆ ಅವನ ಜೊತೆ ಕೂತು ಹೇಳ್ಕೊಡು, ಎಷ್ಟು ಬೇಕಾದ್ರೂ ಹೇಳ್ಕೊಡು, ಹಾಲಿನಲ್ಲಿ ಬೇಡ ಅನ್ನಬಹುದು. ಗೆಳೆತನವೂ ಉಳಿಯುತ್ತೆ, ಅವನ ರಿಪೋರ್ಟೂ ಅವನದ್ದೇ ಆಗಿರುತ್ತೆ.

ಸಿಕ್ಕಿಬಿದ್ದ ಮಗುವಿಗೆ ಏನು ಮಾಡಬೇಕು? 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಒಂದು ಖಾಸಗಿ ಪಿಯು ಕಾಲೇಜು ಸಿಕ್ಕಿಬೀಳೋ ಮೊದಲೇ ಉಪಾಯ ಮಾಡಿತ್ತು. ಮಕ್ಕಳ ತಲೆಗೆ ರಟ್ಟಿನ ಡಬ್ಬ ಹಾಕಿಸಿ ಪರೀಕ್ಷೆ ಬರೆಸಿತು. ಫೋಟೋ ದೇಶ ದಾಟಿ ಹೋಯ್ತು. ಆಗಿನ ಶಿಕ್ಷಣ ಸಚಿವ ಸುರೇಶ್ ಕುಮಾರ್ ಖಂಡಿಸಿದರು, ಕಾಲೇಜು ಕ್ಷಮೆ ಕೇಳಿತು. ನಗೋಕೆ ಸುಲಭ. ಆದರೆ ಆ ಡಬ್ಬ ಹೇಳಿದ್ದು, ನೀವೆಲ್ಲ ಕಳ್ಳರು ಅಂತ ನಾವು ಮೊದಲೇ ತೀರ್ಮಾನ ಮಾಡಿದ್ದೀವಿ ಅನ್ನೋದನ್ನ. ಕ್ಯಾಮೆರಾ ಅಷ್ಟು ಒರಟಲ್ಲ, ಬೋರ್ಡ್ ಪರೀಕ್ಷೆಗೆ ಬೇಕೂ ಇರಬಹುದು. ಆದರೆ ಏಳನೇ ಕ್ಲಾಸಿನ ಟೆಸ್ಟಿಗೂ ಅದೇ ದಾರಿ ಹಿಡಿದರೆ ಮಕ್ಕಳು ಕಲಿಯೋದು ಕ್ಯಾಮೆರಾ ಎಲ್ಲಿ ತಿರುಗಿದೆ ಅಂತ ನೋಡೋದನ್ನು.

1928ರಲ್ಲಿ ಅಮೆರಿಕದ ಹಾರ್ಟ್ಸ್‌ಹಾರ್ನ್ ಮತ್ತು ಮೇ ಅನ್ನೋ ಇಬ್ಬರು ಸಂಶೋಧಕರು ಸಾವಿರಾರು ಶಾಲಾಮಕ್ಕಳ ಮೇಲೆ ಮಾಡಿದ ದೊಡ್ಡ ಅಧ್ಯಯನ ಪ್ರಕಟಿಸಿದರು. ಮೋಸ ಮಾಡೋ ಅವಕಾಶವನ್ನು ಬೇರೆ ಬೇರೆ ಕಡೆ ಇಟ್ಟು ನೋಡಿದರು. ಒಂದು ಟೆಸ್ಟಿನಲ್ಲಿ ಮೋಸ ಮಾಡಿದ ಮಗು ಇನ್ನೊಂದರಲ್ಲಿ ಮಾಡಲಿಲ್ಲ. ಇಲ್ಲಿ ನೇರವಾಗಿದ್ದ ಮಗು ಅಲ್ಲಿ ಜಾರಿತು. ಪ್ರಾಮಾಣಿಕ ಮಕ್ಕಳು, ಮೋಸಗಾರ ಮಕ್ಕಳು ಅನ್ನೋ ಎರಡು ಸ್ಪಷ್ಟ ಗುಂಪು ಅವರಿಗೆ ಸಿಗಲಿಲ್ಲ. ಹಾಗಾಗಿ ಸಿಕ್ಕಿಬಿದ್ದ ಮಗುವಿಗೆ 'ಕಳ್ಳ' ಅನ್ನೋ ಹಣೆಪಟ್ಟಿ ಕಟ್ಟೋದು ಕ್ರೂರ ಮಾತ್ರ ಅಲ್ಲ, ತಪ್ಪು ಮಾಹಿತಿ ಕೂಡ. ಮತ್ತೆ ಬರೆಸಿ. ಎದುರಿಗೆ ಕೂರಿಸ್ಕೊಂಡು ಬಾಯಲ್ಲಿ ಹೇಳಿಸಿ. ಆಫೀಸಿನಲ್ಲಿ ನಾವು ಜೂನಿಯರ್‌ಗೆ ಮಾಡೋದೂ ಅದನ್ನೇ ತಾನೆ? ಕೋಡ್ ಎಲ್ಲಿಂದ ತಂದೆ ಅನ್ನಲ್ಲ, "ಈ ಲೈನ್ ಯಾಕೆ ಬೇಕು, ಹೇಳು" ಅಂತೀವಿ. ಹೇಳೋಕೆ ಬಂದರೆ ಅದು ಅವನದ್ದು.

ಅಕ್ಕನ ಮಗಳಿಗೂ ಈ ಅಳತೆ ಸಾಕು ಅಂತ ನನಗನ್ನಿಸುತ್ತೆ. ಬರೆದ ಮೇಲೆ ಪುಸ್ತಕ ಮುಚ್ಚಿ, ಫೋನ್ ಪಕ್ಕಕ್ಕಿಟ್ಟು, ಅಜ್ಜಿಗೆ ಮನೆಭಾಷೆಯಲ್ಲಿ ಹೇಳೋಕೆ ಬಂದರೆ ನಿನ್ನದು. ಬರಲಿಲ್ಲ ಅಂದರೆ ಇನ್ನೂ ಆಗಿಲ್ಲ. ಆಗಿಲ್ಲ ಅನ್ನೋದು ಅಪರಾಧ ಅಲ್ಲ.

ಆ ಕೊನೆಯ ಮಾತನ್ನು ನಿಜ ಮಾಡೋ ಜವಾಬ್ದಾರಿ ಮಾತ್ರ ಅವಳದ್ದಲ್ಲ. ಮನೆಯಲ್ಲಿ "ಎಷ್ಟು ಬಂತು? ಆ ಹುಡುಗಿಗೆಷ್ಟು?" ಅಂತ ಕೇಳೋರು ನಾವು. ಸೊಟ್ಟಗಿರೋ ಚಾರ್ಟನ್ನು ರಾತ್ರಿ ನೆಟ್ಟಗೆ ಮಾಡೋರು ನಾವು. ಇಪ್ಪತ್ತೈದಕ್ಕೆ ಹನ್ನೊಂದು ತಂದ ದಿನ ಮುಖ ಊದಿಸ್ಕೊಳ್ಳೋರೂ ನಾವೇ. ಪ್ರಾಮಾಣಿಕವಾಗಿರು ಅಂತ ಮಗುವಿಗೆ ಹೇಳಿದರೆ ಕೆಲವೊಮ್ಮೆ ಅದಕ್ಕೆ ಮಾರ್ಕ್ಸ್ ಕಮ್ಮಿ ಬರುತ್ತೆ, ಪಕ್ಕದ ಮನೆಯವರಿಗಿಂತ ಹಿಂದೆ ಬೀಳುತ್ತೆ. ಪೇರೆಂಟ್ಸ್ ಮೀಟಿಂಗಿನಲ್ಲಿ ನಾವೂ ಒಂದು ಮಾತು ಕೇಳಬೇಕಾಗುತ್ತೆ. ಆ ಮಾತು ಕೇಳಿಸ್ಕೊಂಡು ಮನೆಗೆ ಬಂದು, ಕೋಪ ಮಾಡ್ಕೊಳ್ಳದೆ, ಹನ್ನೊಂದು ಬಂದ ಪೇಪರನ್ನು ಮಗುವಿನ ಜೊತೆ ಕೂತು ಬಿಡಿಸಿ ನೋಡೋಕೆ ನಮಗೆ ಆಗುತ್ತಾ? ಆಗಲ್ಲ ಅನ್ನೋದಾದರೆ ಪ್ರಾಮಾಣಿಕತೆಯ ಪಾಠ ಹೇಳೋದು ಬಿಡೋಣ. ಅದರ ಖರ್ಚನ್ನೆಲ್ಲ ಹನ್ನೆರಡು ವರ್ಷದವಳ ಒಬ್ಬಳ ತಲೆ ಮೇಲೆ ಹಾಕೋದು ನ್ಯಾಯ ಅಲ್ಲ.